ಸಹಾಯ ಪುಟ: ತಂತ್ರಾಂಶದ ಕ್ರಮಕ್ಕಿಂತ ಬಳಕೆದಾರನ ಪ್ರಶ್ನೆ ಮುಖ್ಯ

ರಾಯಚೂರು: ಭೂದಾಖಲೆಗಳು ಗಣಕಯಂತ್ರಕ್ಕೆ ಏರಿ ಎರಡು ದಶಕಗಳು ಸಂದಿವೆ. ಆದರೆ ಅವುಗಳನ್ನು ನಿರ್ವಹಿಸುವ ತಂತ್ರಾಂಶವನ್ನು ಬಳಸುವ ಬಗೆ ತಿಳಿಸುವ ‘ಸಹಾಯ’ ಪುಟಗಳು ಹೇಗಿರಬೇಕೆಂಬ ಚಿಂತನೆ ನಡೆದಿರುವುದು ವಿರಳ.

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ರೂಪಿಸಿದ ‘ಭೂಮಿ’ ತಂತ್ರಾಂಶದ ಮೂಲಕ 2002ರ ವೇಳೆಗೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕೀಕೃತಗೊಂಡವು. ಆಗ ರೈತರು ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ತೆತ್ತು ಪಹಣಿ ಪಡೆಯುತ್ತಿದ್ದರು. ಪರದೆಯ ಮುಂದೆ ಕೂರುತ್ತಿದ್ದವರು ತರಬೇತಿ ಪಡೆದ ಸಿಬ್ಬಂದಿ. ಈಗ ಅಂತರ್ಜಾಲದ ಮೂಲಕ ರೈತನೇ ಪರದೆಯ ಮುಂದಿದ್ದಾನೆ. ಸಿಬ್ಬಂದಿಗೆಂದು ಬರೆದ ಕೈಪಿಡಿ ಅವನಿಗೆ ಸಾಲದು.

ಪ್ರಶ್ನೆ ಒಂದು, ದಾರಿ ಹಲವು

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನ ರೈತರೊಬ್ಬರಿಗೆ ‘ಪಹಣಿಯಲ್ಲಿ ಹೆಸರು ಸರಿಯಿಲ್ಲ’ ಎಂಬ ಸಮಸ್ಯೆ ಇದೆ ಎನ್ನೋಣ. ಅಕ್ಷರ ತಪ್ಪಾಗಿದ್ದರೆ ಬೇಕಿರುವುದು ತಿದ್ದುಪಡಿ. ತಂದೆ ತೀರಿಕೊಂಡಿದ್ದರೆ ಪೌತಿ ಖಾತೆ. ಜಮೀನಿನ ಒಂದು ಭಾಗವನ್ನಷ್ಟೇ ಮಾರಬೇಕಿದ್ದರೆ 11ಇ ನಕ್ಷೆ. ರೈತನ ಮಾತು ಒಂದೇ, ದಾರಿಗಳು ಬೇರೆ. ಮೆನುವಿನಲ್ಲಿರುವ ಗುಂಡಿಗಳ ಕ್ರಮದಲ್ಲೇ ವಿವರಣೆ ಜೋಡಿಸಿದ ಕೈಪಿಡಿಯಲ್ಲಿ ಯಾವ ದಾರಿ ತನ್ನದೆಂದು ಆತ ತಿಳಿಯಲಾರ. ತಪ್ಪು ಅರ್ಜಿ ಹಾಕಿದರೆ ಕಚೇರಿಗೆ ಅಲೆದಾಟ ತಪ್ಪದು. ಪಹಣಿಯನ್ನೇ ಆಧರಿಸಿದ ಬೆಳೆಸಾಲವೂ ತಡವಾಗಬಹುದು.

ಈ ಲೋಪ ಹೊಸದಲ್ಲ. ಐಬಿಎಂ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಜಾನ್ ಕ್ಯಾರಲ್, ಜನರು ಕೈಪಿಡಿಯನ್ನು ಮೊದಲಿನಿಂದ ಓದದೆ ನೇರವಾಗಿ ಕೆಲಸಕ್ಕೆ ತೊಡಗುತ್ತಾರೆಂದು ಗುರುತಿಸಿದರು. ವಿವರಣೆ ಚಿಕ್ಕದಿರಬೇಕು, ಕೆಲಸಕ್ಕೆ ನೇರ ಸಂಬಂಧಿಸಿರಬೇಕು, ತಪ್ಪಾದಾಗ ಸರಿಪಡಿಸುವ ಬಗೆ ಹೇಳಬೇಕು ಎಂಬುದು 1990ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರ. ಐಬಿಎಂನಲ್ಲೇ ಹುಟ್ಟಿ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ಡಿಟಾ’ ಪದ್ಧತಿಯು ವಿಷಯವನ್ನು ಪರಿಕಲ್ಪನೆ, ಕಾರ್ಯವಿಧಾನ, ಉಲ್ಲೇಖ ಎಂದು ಮೂರಾಗಿ ವಿಂಗಡಿಸುತ್ತದೆ. ಪೌತಿ ಖಾತೆ ಎಂದರೇನು ಎಂಬುದು ಪರಿಕಲ್ಪನೆ. ಅರ್ಜಿ ಸಲ್ಲಿಸುವ ಹಂತಗಳು ಕಾರ್ಯವಿಧಾನ. ಪಹಣಿಯ ಕಲಮುಗಳ ಅರ್ಥ ಉಲ್ಲೇಖ. ಮೂರನ್ನೂ ಒಂದೇ ಪುಟಕ್ಕೆ ತುಂಬಿದರೆ ಓದುಗ ದಾರಿ ತಪ್ಪುತ್ತಾನೆ.

ಹುಡುಕಿದರೂ ಸಿಗದ ಕನ್ನಡ

ಕನ್ನಡದ ಸಹಾಯ ಪುಟಗಳಿಗೆ ಇನ್ನೊಂದು ತೊಡಕಿದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯ ಪರದೆಯಲ್ಲಿ ಕನ್ನಡವಾಗಿ ಕಂಡರೂ ಗಣಕದ ಒಳಗೆ ಬೇರೆಯದೇ ಸಂಕೇತಗಳಾಗಿರುತ್ತದೆ. ‘ಪಹಣಿ’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಅದು ಸಿಗದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ದೊರೆತಿತ್ತು. ಹಳೆಯ ಕಡತಗಳನ್ನು ಪರಿವರ್ತಿಸದೆ, ಮುದ್ರಿತ ಕೈಪಿಡಿಯ ಚಿತ್ರವನ್ನೇ ಅಂತರ್ಜಾಲಕ್ಕೇರಿಸಿದರೂ ಫಲ ಅಷ್ಟೇ.

ಪದಗಳ ಆಯ್ಕೆಯೂ ಮುಖ್ಯ. ಪಹಣಿ ನೋಡಲು ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಆಯ್ಕೆ ಮಾಡಬೇಕು. ಸರ್ನೋಕ್ ಜಾಗದಲ್ಲಿ ಹಲವು ವೇಳೆ ನಕ್ಷತ್ರ ಚಿಹ್ನೆಯಷ್ಟೇ ಇರುತ್ತದೆ. ಅದನ್ನೇ ಆಯ್ಕೆ ಮಾಡಬೇಕೆಂಬ ಒಂದು ಸಾಲು ಆ ಜಾಗದ ಪಕ್ಕದಲ್ಲೇ ಇದ್ದರೆ ಹತ್ತು ಪುಟಗಳ ಕೈಪಿಡಿಗಿಂತ ಹೆಚ್ಚು ಉಪಯುಕ್ತ. ‘ಮ್ಯುಟೇಷನ್’ ಎಂದಿರುವಲ್ಲಿ ‘ಖಾತೆ ಬದಲಾವಣೆ’ ಎಂದು ಹುಡುಕಿದವರಿಗೂ ಅದೇ ಪುಟ ತೆರೆಯಬೇಕು.

ಎಲ್ಲಿಂದ ಆರಂಭ?

ಮರುವಿನ್ಯಾಸದ ಮೊದಲ ಹೆಜ್ಜೆ ಬಣ್ಣ, ಚಿತ್ರಗಳ ಬದಲಾವಣೆಯಲ್ಲ. ನಾಡಕಚೇರಿಯ ಕಿಟಕಿಯಲ್ಲಿ ಜನರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುವುದು. ನಂತರ ಪ್ರತಿ ಪ್ರಶ್ನೆಗೂ ಒಂದು ಪುಟ, ಬೇಕಾದ ದಾಖಲೆಗಳ ಪಟ್ಟಿ, ಅರ್ಜಿ ತಿರಸ್ಕೃತವಾದರೆ ಮುಂದಿನ ಹಾದಿ. ತಂತ್ರಾಂಶ ಬದಲಾದ ದಿನವೇ ಪುಟವೂ ಬದಲಾಗಬೇಕು. ಪರಿಷ್ಕರಿಸಿದ ದಿನಾಂಕ ಕಾಣುವಂತಿರಬೇಕು. ಕೊನೆಗೆ, ತಂತ್ರಾಂಶ ಅರಿಯದ ನಾಲ್ಕಾರು ಮಂದಿಯ ಕೈಗೆ ಮೊಬೈಲ್ ಕೊಟ್ಟು ಪರೀಕ್ಷಿಸಬೇಕು. ಯಾರನ್ನೂ ಕೇಳದೆ ಅವರು ಅರ್ಜಿ ಪೂರೈಸಿದರೆ ಪುಟ ಸರಿಯಿದೆ ಎಂದರ್ಥ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ಪುಟವನ್ನು.