ಕಾಮಾ ನುಂಗಿದ ಹನ್ನೊಂದು ಸಾವಿರ

ಇವತ್ತು ಕೋಡಿಂಗ್ ವಿಷಯ. ಗಾಬರಿ ಬೇಡ, ನಾನು ಓದಿದ್ದೂ ಬಿಕಾಂ. ಜಾವಾಸ್ಕ್ರಿಪ್ಟ್ ಕಲಿತದ್ದು ಆಮೇಲೆ, ಅದೂ ಅರ್ಧಂಬರ್ಧ. ಆ ಅರ್ಧಂಬರ್ಧದಿಂದ ನಮ್ಮ ಚಿಕ್ಕಮ್ಮ ಒಂದು ಸಂಜೆ ಕಳ್ಳಿ ಅನ್ನಿಸಿಕೊಳ್ಳೋದು ಸ್ವಲ್ಪದರಲ್ಲಿ ತಪ್ಪಿತು.

ಚಿಕ್ಕಮ್ಮ ಅವರೂರಿನ ಒಂದು ಸ್ವಸಹಾಯ ಸಂಘದ ಲೆಕ್ಕ ನೋಡ್ಕೊಳ್ತಾರೆ. 18 ಜನ ಹೆಂಗಸರು, ತಿಂಗಳಿಗೆ ತಲಾ 200 ರೂಪಾಯಿ ಉಳಿತಾಯ. ಎಲ್ಲರೂ ಫೋನಲ್ಲೇ ನೋಡ್ಲಿ ಅಂತ ನಾನೊಂದು ಪುಟ ಮಾಡಿಕೊಟ್ಟೆ. ಕ್ರಮಸಂಖ್ಯೆ, ಹೆಸರು, ಉಳಿತಾಯ, ಕೆಳಗೆ ಒಟ್ಟು ಮೊತ್ತ. ನಾಲ್ಕು ತಿಂಗಳು ಎಲ್ಲಾ ಸರಿಯಾಗಿತ್ತು. ತಲಾ 800ರಂತೆ 14,400 ಅಂತ ತೋರಿಸ್ತು. ಐದನೇ ತಿಂಗಳ ಸಭೆ ಹೊತ್ತಿಗೆ 11 ಜನ ಕಂತು ಕಟ್ಟಿದ್ರು, 7 ಜನ ಇನ್ನೂ ಕಟ್ಟಿರಲಿಲ್ಲ. ಅಂದ್ರೆ 16,600 ಇರಬೇಕು. ಫೋನಲ್ಲಿ ಬಂದದ್ದು 5,611.

ದುಡ್ಡು ಕಟ್ಟಿದ ಮೇಲೆ ಒಟ್ಟು ಮೊತ್ತ ಕಮ್ಮಿ ಆಗಿದೆ! ಲೆಕ್ಕದ ಪುಸ್ತಕ ಸರಿಯಾಗೇ ಇತ್ತು. ಆದ್ರೆ ಜನ ನಂಬೋದು ಯಾವುದನ್ನ? ಕೈಬರಹಾನೋ, ಕಂಪ್ಯೂಟರನ್ನೋ? ‘ಉಳಿದದ್ದು ಎಲ್ಲಿ ಹೋಯ್ತಕ್ಕಾ?’ ಅಂತ ಒಬ್ಬರು ಕೇಳೇಬಿಟ್ರಂತೆ. ಚಿಕ್ಕಮ್ಮ ಅಲ್ಲಿಂದಲೇ ನನಗೆ ಫೋನ್ ಮಾಡಿ, ‘ಏನಪ್ಪಾ ಮಾಡಿಟ್ಟಿದ್ದೀಯ ನೀನು’ ಅಂದ್ರು. ಆ ದನಿ ಇನ್ನೂ ಕಿವಿಯಲ್ಲಿದೆ.

ಆಗಿದ್ದಿಷ್ಟು. ವೆಬ್ ಪುಟದ ಟೇಬಲ್‌ನಲ್ಲಿ ಅಡ್ಡ ಸಾಲು ಅಂದ್ರೆ ರೋ, ಅದರೊಳಗಿನ ಒಂದೊಂದು ಮನೆ ಸೆಲ್. ಜಾವಾಸ್ಕ್ರಿಪ್ಟ್ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೂರನೇ ಕಾಲಂ ಬೇಕಂದ್ರೆ ಸೆಲ್ ನಂಬರ್ 2 ಕೇಳ್ಬೇಕು. ತಲೆಬರಹದ ಸಾಲೂ ಎಣಿಕೆಗೆ ಸೇರುತ್ತೆ, ಅದನ್ನ ಬಿಟ್ಟು ಮುಂದೆ ಹೋಗ್ಬೇಕು. ಸೆಲ್ ಒಳಗಿರೋದನ್ನ ಓದೋಕೆ ಟೆಕ್ಸ್ಟ್‌ಕಂಟೆಂಟ್ ಅಂತ ಒಂದಿದೆ. ಹೆಸರೇ ಹೇಳುತ್ತಲ್ಲ, ಅದು ಕೊಡೋದು ಯಾವಾಗ್ಲೂ ಅಕ್ಷರ, ಅಂಕಿ ಅಲ್ಲ. 800ಕ್ಕೆ 800 ಕೂಡಿ ಅಂದ್ರೆ ಪಕ್ಕಪಕ್ಕ ಅಂಟಿಸಿ 800800 ಮಾಡಿಕೊಡುತ್ತೆ. ಇಷ್ಟು ನನಗೂ ಗೊತ್ತಿತ್ತು. ಅದಕ್ಕೇ ಪಾರ್ಸ್‌ಇಂಟ್ ಬಳಸಿ ಅಂಕಿ ಮಾಡಿದ್ದೆ.

ಪಾರ್ಸ್‌ಇಂಟ್ ಎಡದಿಂದ ಓದ್ತಾ ಹೋಗಿ, ಅಂಕಿ ಅಲ್ಲದ್ದು ಸಿಕ್ಕಿದ ಕೂಡ್ಲೇ ನಿಂತುಬಿಡುತ್ತೆ. ಅಲ್ಲೀವರೆಗೆ ಸಿಕ್ಕಿದ್ದೇ ಉತ್ತರ. 800ರಲ್ಲಿ ತೊಂದರೆ ಇಲ್ಲ. 1,000ದಲ್ಲಿ ಒಂದರ ಪಕ್ಕ ಕಾಮಾ ಇದೆ, ನಾನೇ ಚೆಂದ ಕಾಣ್ಲಿ ಅಂತ ಹಾಕಿದ್ದು. ಕಾಮಾ ಕಂಡದ್ದೇ ನಿಂತಿತು. ಸಾವಿರ ಕಟ್ಟಿದೋರು ಒಬ್ಬೊಬ್ಬರೂ ಒಂದು ರೂಪಾಯಿ ಆದ್ರು. 11 ಜನರದ್ದು 11 ರೂಪಾಯಿ, ಉಳಿದ ಏಳು ಜನರದ್ದು 5,600. ಕೂಡಿ ನೋಡಿ.

ಸಿಟ್ಟು ಬರೋದು ಎಲ್ಲಿ ಅಂದ್ರೆ, ಅದು ತಪ್ಪಾಗಿದೆ ಅಂತ ಬಾಯೇ ಬಿಡಲ್ಲ. ಪಾರ್ಸ್‌ಇಂಟ್ ಬದಲು ನಂಬರ್ ಅನ್ನೋದನ್ನ ಬಳಸಿದ್ರೆ, 1,000 ನೋಡಿ ‘ಇದು ಸಂಖ್ಯೆ ಅಲ್ಲ’ ಅಂತ ವಾಪಸ್ ಕಳಿಸ್ತಿತ್ತು. ಒಟ್ಟು ಮೊತ್ತದ ಜಾಗದಲ್ಲಿ ಏನೋ ವಿಚಿತ್ರ ಕಾಣ್ತಿತ್ತು, ಜನ ನನ್ನನ್ನ ಬೈತಿದ್ರು, ಚಿಕ್ಕಮ್ಮನನ್ನಲ್ಲ. ಕನ್ನಡ ಅಂಕಿಯಲ್ಲಿ ೮೦೦ ಅಂತ ಬರೆದ್ರೂ ಕಥೆ ಅದೇ, ಎರಡಕ್ಕೂ ಅದು ಸಂಖ್ಯೆ ಅಲ್ಲ.

ಸರಿ, ಕಾಮಾ ತೆಗೆದು ಓದೋಣ ಅಂತ ರಿಪ್ಲೇಸ್ ಹಾಕಿದೆ. ಅಲ್ಲೂ ಗುಂಡಿ ಇದೆ. ಬರೀ ಕಾಮಾ ಕೊಟ್ಟು ರಿಪ್ಲೇಸ್ ಮಾಡಿದ್ರೆ ಹೋಗೋದು ಮೊದಲನೇದು ಮಾತ್ರ. ಸಾವಿರದಲ್ಲಿ ಒಂದೇ ಕಾಮಾ, ಬಚಾವ್. ನಮ್ಮ ಲಕ್ಷದಲ್ಲಿ ಎರಡು! 1,25,000 ಅನ್ನೋದು 125,000 ಆಗಿ ಉಳಿಯುತ್ತೆ, ಪಾರ್ಸ್‌ಇಂಟ್ ಅದನ್ನ 125 ಅಂತ ಓದುತ್ತೆ. ರಿಪ್ಲೇಸ್‌ಆಲ್ ಹಾಕಿದ್ರೆ ಎಲ್ಲಾ ಕಾಮಾನೂ ಹೋಗುತ್ತೆ.

ಇದಕ್ಕಿಂತ ವಾಸಿ ದಾರಿ, ಸೆಲ್ಲಿಗೆ ಡೇಟಾ-ಅಮೌಂಟ್ ಅಂತ ಒಂದು ಗುಣ ಕೊಟ್ಟು ಅದರಲ್ಲಿ ಕಾಮಾ ಇಲ್ಲದ 1000 ಇಡೋದು. ಕಣ್ಣಿಗೆ ಕಾಮಾ ಸಮೇತ, ಲೆಕ್ಕಕ್ಕೆ ಬರೀ ಅಂಕಿ. ಡೇಟಾಸೆಟ್ ಅಂತ ಕೇಳಿ ಅದನ್ನ ಓದ್ಕೋಬಹುದು. ಅದೂ ಅಕ್ಷರವಾಗೇ ಬರುತ್ತೆ, ನಂಬರ್ ಮಾಡ್ಕೋಬೇಕು, ಮರೀಬೇಡಿ.

ನಾನು ಕೊನೆಗೆ ಮಾಡಿದ್ದು ಅದೂ ಅಲ್ಲ. ಟೇಬಲ್ಲನ್ನ ಓದೋದನ್ನೇ ಬಿಟ್ಟೆ. ಆ ಟೇಬಲ್ ಹುಟ್ಟಿದ್ದೇ ನನ್ನ ಹತ್ರ ಇರೋ ಒಂದು ಪಟ್ಟಿಯಿಂದ. ಅಲ್ಲಿ 1000 ಸಂಖ್ಯೆಯಾಗೇ ಇದೆ. ಅದನ್ನ ಕಾಮಾ ಹಾಕಿ ಪರದೆಗೆ ಕಳಿಸಿ, ಮತ್ತೆ ಪರದೆಯಿಂದ ಕಾಮಾ ಕಿತ್ತು ವಾಪಸ್ ತರೋದು ಯಾವ ಬುದ್ಧಿವಂತಿಕೆ? ಇನ್ನೊಂದು ಲಾಭಾನೂ ಇದೆ. ಡೇಟಾಟೇಬಲ್ಸ್ ಥರದ ಲೈಬ್ರರಿ ಹಾಕಿದ್ರೆ ತಾನಾಗೇ ಒಂದು ಪುಟಕ್ಕೆ 10 ಸಾಲು ಮಾತ್ರ ತೋರಿಸುತ್ತೆ. ಪರದೆ ನೋಡಿ ಕೂಡಿದ್ರೆ ಉಳಿದ 8 ಜನ ಲೆಕ್ಕಕ್ಕೇ ಇಲ್ಲ. ನಡುವೆ ಫೋನ್ ನಂಬರ್ ಕಾಲಂ ಸೇರಿಸಿದ್ರಂತೂ ಸೆಲ್ ನಂಬರ್ 2ರಲ್ಲಿ ಉಳಿತಾಯದ ಬದಲು ಫೋನ್ ನಂಬರ್ ಇರುತ್ತೆ. ಅದನ್ನೇ ಕೂಡಿದ್ರೆ ಸಂಘ ಸಾವಿರಾರು ಕೋಟಿಗೆ ಒಡೆಯ!

ಮುಂದಿನ ಸಭೆಗೆ ನಾನೇ ಊರಿಗೆ ಹೋಗಿದ್ದೆ. ತಪ್ಪು ನಂದು ಅಂತ ಎಲ್ಲರ ಮುಂದೆ ಹೇಳ್ದೆ, 1,000 ಹೇಗೆ 1 ಆಯ್ತು ಅಂತ ಹಾಳೆ ಮೇಲೆ ಬರೆದು ತೋರಿಸ್ದೆ. ಪ್ರಶ್ನೆ ಕೇಳಿದ್ದ ಅಕ್ಕ ಹಾಳೆ ಇಸ್ಕೊಂಡು ತಾವೇ ಕೂಡಿ ನೋಡಿ, ಚಿಕ್ಕಮ್ಮನ ಕೈಗೆ ಕೊಟ್ರು. ಚಿಕ್ಕಮ್ಮ ಈಗಲೂ ಮೊದಲು ಪುಸ್ತಕದಲ್ಲಿ ಕೂಡ್ತಾರೆ, ಆಮೇಲೇ ಫೋನ್ ತೆಗೀತಾರೆ.