ಕೂಸಿನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯನ್ನು ಕೇಳದ ವಾಚಕರು ನಮ್ಮಲ್ಲಿ ಇರಲಾರರು. ಆತುರಗಾರರನ್ನು ಪರಿಹಾಸ ಮಾಡುವುದಕ್ಕಾಗಿ ಹುಟ್ಟಿದ ಮಾತು ಅದು. ಆದರೆ ಅದರೊಳಗೆ ಬೇರೊಂದು ಸಂಗತಿಯೂ ಅಡಗಿರುವುದು. ಕುಲಾವಿಯನ್ನು ಹೊಲಿಯುವ ಅಥವಾ ಹೊಲಿಸುವ ಮಾತು ಗಾದೆಯಲ್ಲಿ ಬಂದಿದೆಯೇ ಹೊರತು ಅಂಗಡಿಯಿಂದ ಕೊಂಡು ತರುವ ಮಾತಿಲ್ಲ. ಈ ಗಾದೆಯನ್ನು ಕಟ್ಟಿದ ಹಿರಿಯರು ಇಂದು ಎದ್ದು ಬಂದರೆ, ಕೂಸಿನ ತಲೆಯ ಮೇಲಿನ ಟೋಪಿಯನ್ನು ಮಾಡಿದ ಕೈ ಯಾವುದೆಂದು ಕೇಳಿಯಾರು. ಉತ್ತರ ಕೊಡಬಲ್ಲ ಮನೆಗಳು ಎಷ್ಟಿರುವುವು?

ಕೆಲವು ವರ್ಷಗಳ ಹಿಂದೆ ಕಾರ್ಯಾರ್ಥವಾಗಿ ನಾವು ಬೆಂಗಳೂರಿನ ಪೂರ್ವಭಾಗದ ಕಗ್ಗದಾಸಪುರಕ್ಕೆ ಹೋಗಬೇಕಾಗಿ ಬಂದಿತು. ಹಿಂದೆ ಕೆರೆಯ ಮಗ್ಗುಲಲ್ಲಿದ್ದ ಹಳ್ಳಿಯದು, ಇಂದು ಸಿ. ವಿ. ರಾಮನ್ ನಗರಕ್ಕೂ ಮಲ್ಲೇಶಪಾಳ್ಯಕ್ಕೂ ನಡುವೆ ಮಹಡಿಮನೆಗಳು ಒತ್ತೊತ್ತಾಗಿ ನಿಂತ ಬಡಾವಣೆ. ಅಲ್ಲಿಯ ರೈಲ್ವೆ ಗೇಟಿನ ಖ್ಯಾತಿಯನ್ನು ಆ ದಿಕ್ಕಿನ ವಾಚಕರಿಗೆ ನಾವು ವರ್ಣಿಸಬೇಕಾದುದಿಲ್ಲ. ಗೇಟು ಮುಚ್ಚಿತ್ತು. ಮುಂದಿದ್ದವರು ಹಿಂದಿದ್ದವರನ್ನು, ಹಿಂದಿದ್ದವರು ಸರ್ಕಾರವನ್ನು, ಎಲ್ಲರೂ ಕೂಡಿ ಬಾರದ ರೈಲನ್ನು ಶಪಿಸುತ್ತಿದ್ದರು. ನಮ್ಮ ಪಕ್ಕದ ಆಟೋದಲ್ಲಿ ತುಂಬು ಬಸುರಿಯಾದ ಹೆಣ್ಣುಮಗಳೊಬ್ಬಳು ಮಾತ್ರ ಈ ಗದ್ದಲಕ್ಕೆ ಕಿವಿಗೊಡದೆ ಎರಡು ಕಡ್ಡಿಗಳಲ್ಲಿ ಹಳದಿ ನೂಲನ್ನು ಹೆಣೆಯುತ್ತ ಕುಳಿತಿದ್ದಳು.

"ಯಾರಿಗಮ್ಮ ಅದು?" ಎಂದೆವು.

"ಇನ್ನೂ ಬಂದಿಲ್ಲ ಸಾರ್, ಬರುತ್ತೆ," ಎಂದು ನಕ್ಕಳು.

ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ವಸ್ತುವಿಗೆ ಇಷ್ಟು ಶ್ರಮವೇಕೆಂದು ನಾವು ಕೇಳಿದುದು ಅವಿವೇಕವೆಂದು ಅವಳ ಉತ್ತರದಿಂದ ತಿಳಿಯಿತು. "ಎಂಟು ವರ್ಷ ಗಾರ್ಮೆಂಟ್ಸಲ್ಲಿ ಕೆಲಸ ಮಾಡಿದೀನಿ ಸಾರ್. ಎಂಟು ವರ್ಷವೂ ಕಾಲರ್ ಒಂದೇ. ಒಂದು ಬಟ್ಟೆ ಪೂರಾ ನನ್ನ ಕೈಯಲ್ಲಿ ಆಗ್ತಿರೋದು ಇದೇ ಮೊದಲು. ಮೇಲಿನ ಮನೆ ಅಜ್ಜಿ ಹೇಳಿಕೊಟ್ಟರು." ಅಷ್ಟರಲ್ಲಿ ಗೇಟು ತೆರೆಯಿತು. ನಾವು ಒಂದು ದಿಕ್ಕಿಗೆ, ಅವಳು ಇನ್ನೊಂದು ದಿಕ್ಕಿಗೆ ಹೋದೆವು. ಆ ಮಾತು ಮಾತ್ರ ನಮ್ಮನ್ನು ಬಿಡಲಿಲ್ಲ.

ಸಿದ್ಧ ಉಡುಪಿನ ಕಾರ್ಖಾನೆಗಳ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಅತಿಶಯೋಕ್ತಿ ಏನೂ ತೋರದು. ಯಂತ್ರಗಳ ಸಾಲಿನಲ್ಲಿ ಒಬ್ಬಳಿಗೆ ಕಾಲರು, ಮತ್ತೊಬ್ಬಳಿಗೆ ತೋಳು, ಇನ್ನೊಬ್ಬಳಿಗೆ ಕಾಜಾ. ಗಂಟೆಗೆ ಇಷ್ಟೆಂಬ ಲೆಕ್ಕ. ಅಂಗಿ ಹತ್ತಾರು ಕೈಗಳನ್ನು ದಾಟಿ ಹಡಗನ್ನೇರುವುದು. ಯಾರೊಬ್ಬರೂ ಅದನ್ನು ತಾವು ಹೊಲಿದೆವೆಂದು ಹೇಳುವಂತಿಲ್ಲ. ಬೆಂಗಳೂರು ಈ ಉದ್ಯಮದ ದೊಡ್ಡ ನೆಲೆಗಳಲ್ಲೊಂದು. ಅದರ ಭಾರವನ್ನು ಹೊತ್ತವರು ಬಹುಪಾಲು ಸ್ತ್ರೀಯರು. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹಣವನ್ನು ಹಿಂದೆಗೆಯುವ ನಿಯಮವನ್ನು ಬಿಗಿಮಾಡಿದ ಕೇಂದ್ರ ಸರ್ಕಾರದ ಆಜ್ಞೆಯ ವಿರುದ್ಧ ಇವರು ಸಹಸ್ರಗಟ್ಟಲೆಯಾಗಿ ಬೀದಿಗಿಳಿದಾಗ ನಗರವು ಬೆರಗಾಯಿತು, ಸರ್ಕಾರದವರು ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು. ಜಗತ್ತಿನ ಮಕ್ಕಳಿಗೆ ಉಡುಪು ಹೊಲಿಯುವ ಈ ತಾಯಂದಿರು ಸ್ವಂತ ಮಗುವಿಗೆ ಒಂದು ಅಂಗಿಯನ್ನು ಆದಿಯಿಂದ ಅಂತ್ಯದವರೆಗೆ ಹೊಲಿಯಲಾರದೆ ಇರುವುದು ಎಂತಹ ವಿಪರ್ಯಾಸ! ಬಟ್ಟೆ ಇಷ್ಟು ಅಗ್ಗವಾದುದು ಯಾರ ವೆಚ್ಚದಲ್ಲಿ ಎಂಬುದನ್ನು 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಜನರು ಮಡಿದಾಗ ಲೋಕವು ಕಂಡಿತು, ಬೇಗನೆ ಮರೆಯಿತು.

ಸ್ವದೇಶಿ ವ್ರತವನ್ನು ಹಿಡಿದ ಹಿರಿಯರು ನೂಲನ್ನೂ ನೇಯ್ಗೆಯನ್ನೂ ಕುರಿತು ಬಹಳ ಹೇಳಿದರು. 1927ರ ಜುಲೈ ತಿಂಗಳಲ್ಲಿ ಮಹಾತ್ಮರು ನಮ್ಮ ಬೆಂಗಳೂರಿನಲ್ಲಿಯೇ ಖಾದಿ ಪ್ರದರ್ಶನವನ್ನು ಉದ್ಘಾಟಿಸಿದರು. ಯಂತ್ರಗಳ ವೈರಿಯೆಂದು ಹೆಸರಾದ ಆ ಮಹಾಪುರುಷರು 1924ರಲ್ಲಿ ನಡೆದ ಸಂವಾದವೊಂದರಲ್ಲಿ ಒಂದು ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರೆಂಬುದನ್ನು ಅನೇಕರು ಅರಿಯರು. ಅದೇ ಹೊಲಿಗೆಯ ಯಂತ್ರ. ತನ್ನ ಹೆಂಡತಿ ಕೈಹೊಲಿಗೆಯಿಂದ ಬಳಲುವುದನ್ನು ಕಂಡು ಸಿಂಗರನು ಅದನ್ನು ಕಲ್ಪಿಸಿದನು, ಅದರ ಹಿಂದೆ ಪ್ರೀತಿಯಿದೆ ಎಂಬುದು ಅವರ ಅಭಿಪ್ರಾಯ. 1851ರಲ್ಲಿ ಆ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದ ಸಿಂಗರನ ಮನಸ್ಸಿನಲ್ಲಿ ಪ್ರೀತಿಗಿಂತ ವ್ಯಾಪಾರವೇ ಮುಂದಾಗಿದ್ದಿರಬಹುದು. ಆದರೂ ಮಹಾತ್ಮರ ತತ್ತ್ವವು ಅದರಿಂದ ಕೆಡುವುದಿಲ್ಲ. ಯಂತ್ರವು ಮನುಷ್ಯನ ಕೈಗೆ ನೆರವಾದರೆ ಒಳ್ಳೆಯದು, ಮನುಷ್ಯನ ಕೈ ಯಂತ್ರದ ಒಂದು ಹಲ್ಲಾದರೆ ಕೆಟ್ಟದ್ದು. ಮನೆಯ ಮೂಲೆಯಲ್ಲಿ ತಾಯಿ ತುಳಿಯುವ ಯಂತ್ರಕ್ಕೂ ಕಾರ್ಖಾನೆಯ ಸಾಲಿನಲ್ಲಿರುವ ಯಂತ್ರಕ್ಕೂ ಸೂಜಿ ಒಂದೇ, ಬಾಳು ಬೇರೆ.

ನಮ್ಮ ಬಾಲ್ಯದಲ್ಲಿ ಹಬ್ಬಕ್ಕೆ ಒಂದೇ ತಾನಿನಿಂದ ಬಟ್ಟೆಯನ್ನು ಹರಿಸಿ ತಂದು ಮನೆಯ ಮಕ್ಕಳಿಗೆಲ್ಲ ಅಂಗಿ ಹೊಲಿಸುತ್ತಿದ್ದರು. ಬೀದಿಯಲ್ಲಿ ನಾವು ಯಾರ ಮನೆಯವರೆಂದು ಬಟ್ಟೆಯೇ ಸಾರುತ್ತಿತ್ತು. ಅಂಗಿಯ ಅಂಚಿನಲ್ಲಿ ಎರಡು ಬೆರಳಗಲ ಮಡಿಕೆಯನ್ನು ಬಿಡಿಸುವುದು ನಮ್ಮ ತಾಯಿಯವರ ಕಟ್ಟಳೆ. ಮಗು ಬೆಳೆದಂತೆ ಮಡಿಕೆಯನ್ನು ಬಿಚ್ಚಿ ಅಂಗಿಯೂ ಬೆಳೆಯುತ್ತಿತ್ತು. ಅಣ್ಣನಿಗೆ ಸಾಲದಾದುದು ತಮ್ಮನಿಗೆ, ತಮ್ಮನಿಗೂ ಸಾಲದಾದುದು ತೊಟ್ಟಿಲಿಗೆ, ಕಡೆಗೆ ಒರಸುವ ಅರಿವೆಗೆ. ಉತ್ತರದ ಜಿಲ್ಲೆಗಳಲ್ಲಿ ಅಜ್ಜಿಯರು ಹಳೆಯ ಸೀರೆಗಳನ್ನೂ ಪಂಚೆಗಳನ್ನೂ ಪದರಪದರವಾಗಿ ಹಾಸಿ ಹೊಲಿದ ಕೌದಿಯಲ್ಲಿ ಮೂರು ತಲೆಮಾರುಗಳ ಬಟ್ಟೆ ಒಟ್ಟಿಗೆ ಮಲಗುವುದು. ಇದನ್ನು ಬಡತನವೆಂದು ಹಳಿಯುವವರು ಹಳಿಯಲಿ. ನಾವು ಇದನ್ನು ವಿವೇಕವೆನ್ನುತ್ತೇವೆ.

ಆರಂಭಿಸುವವರಿಗೆ ಇದು ಕಷ್ಟವಲ್ಲ. ಕೂಸಿನ ಜಬಲಕ್ಕೆ ಅರ್ಧ ಗಜ ಬಟ್ಟೆ ಧಾರಾಳವಾಗಿ ಸಾಕು. ಹೊಸ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸತಕ್ಕದ್ದು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗುವುದು. ಒಗೆದು ಒಗೆದು ಮೃದುವಾದ ಹತ್ತಿಯ ಪಂಚೆ ಇನ್ನೂ ಉತ್ತಮ. ಹೊಲಿಗೆಯ ಅಂಚು ಹೊರಮೈಗೆ ಬರಲಿ, ಎಳೆಯ ಚರ್ಮಕ್ಕೆ ಒತ್ತದು. ಗುಂಡಿಗಳ ಬದಲು ಕಟ್ಟುವ ಲಾಡಿಗಳಿರಲಿ. ಗುಂಡಿ ಕಿತ್ತು ಕೂಸಿನ ಬಾಯಿಗೆ ಹೋಗುವ ಭಯವಿಲ್ಲ. ಹೆಣಿಗೆಯವರು ನೂಲನ್ನು ಆರಿಸುವಾಗ ಎಚ್ಚರದಿಂದಿರಬೇಕು. ಉಣ್ಣೆಯೆಂಬ ಹೆಸರಿನಲ್ಲಿ ಪೇಟೆಯಲ್ಲಿ ಸಿಕ್ಕುವುದರಲ್ಲಿ ಬಹುಭಾಗ ಕಲ್ಲೆಣ್ಣೆಯಿಂದ ಹುಟ್ಟಿದ ಅಕ್ರಿಲಿಕ್ಕು. ಬೆಂಕಿ ತಾಕಿದರೆ ಕರಗಿ ಮೈಗೆ ಅಂಟುವ ವಸ್ತು ಅದು. ನಮ್ಮ ಕುರುಬರ ಕಂಬಳಿಯ ಉಣ್ಣೆ ಅಪ್ಪಟವಾದುದಾದರೂ ಕೂಸಿನ ಮೈಗೆ ಬಿರುಸು. ಬೆಂಗಳೂರಿನ ಚಳಿಗೆ ಹತ್ತಿಯ ನೂಲಿನ ಹೆಣಿಗೆಯೇ ಸಾಕು. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದ ಉಷ್ಣಮಾನ ಮತ್ತೆ ಅಷ್ಟು ಕೆಳಕ್ಕೆ ಇಳಿದಿಲ್ಲ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ನೂಲಿನ ಬೆಲೆಗೇ ಸಿದ್ಧವಾದ ಉಡುಪು ಬರುವಾಗ ಶ್ರಮವೇಕೆಂಬುದು ಮೊದಲನೆಯದು. ಇದು ನಿಜ, ಲೆಕ್ಕದ ಪುಸ್ತಕದಲ್ಲಿ ನಾವು ಗೆಲ್ಲಲಾರೆವು. ಆದರೆ ಹರಿದಾಗ ತೇಪೆ ಹಾಕಬಲ್ಲವನು, ಮಡಿಕೆಯನ್ನು ಬಿಚ್ಚಬಲ್ಲವನು ಮೂರು ಅಂಗಿ ಕೊಳ್ಳುವಲ್ಲಿ ಒಂದನ್ನು ಕೊಳ್ಳುವನು. ಎರಡನೆಯದು, ದರ್ಜಿಗಳ ಜೀವನಕ್ಕೆ ಕುಂದು ಬರುವುದೆಂಬುದು. ಬೀದಿಯ ದರ್ಜಿಯ ಹೊಟ್ಟೆಯ ಮೇಲೆ ಹೊಡೆದುದು ಮನೆಯ ಹೊಲಿಗೆಯಲ್ಲ, ಸಿದ್ಧ ಉಡುಪು. ಹೊಲಿಗೆಯ ಬೆಲೆಯನ್ನು ಕೈಯಾರೆ ಅರಿತವನೇ ದರ್ಜಿಯ ಕೂಲಿಗೆ ಚೌಕಾಸಿ ಮಾಡದೆ ಇರುವನು.

ಮೂರನೆಯ ಆಕ್ಷೇಪವೇ ಗುರುತರವಾದುದು: ಅಡಿಗೆ, ಮಗು, ನೌಕರಿ ಇವುಗಳ ಮೇಲೆ ಸೂಜಿಯನ್ನೂ ಹೆಂಗಸಿನ ಕೈಗೇ ಕೊಡಬೇಕೆ? ಕೂಡದೆಂದೇ ನಮ್ಮ ಉತ್ತರ. ಈ ವಿದ್ಯೆ ಹೆಂಗಸರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ದರ್ಜಿಗಳು ಬಹುಮಟ್ಟಿಗೆ ಗಂಡಸರೇ. ಕುರಿಯ ಹಿಂಡಿನ ಹಿಂದೆ ನಡೆಯುತ್ತಲೇ ತಕಲಿಯನ್ನು ತಿರುಗಿಸಿ ಉಣ್ಣೆಯನ್ನು ನೂತವರೂ ಗಂಡಸರೇ. ಸೆರೆಮನೆಗಳಲ್ಲಿ ಚರಕವನ್ನು ತಿರುಗಿಸಿದ ದೇಶಭಕ್ತರನ್ನು ಹೇಳಬೇಕಾದುದೇ ಇಲ್ಲ. ಈ ವಿಷಯದಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯ. ಐವತ್ತು ದಾಟಿದ ನಾವು ಅಂಗಿಯ ಗುಂಡಿ ಕಿತ್ತುಹೋದರೆ ಮನೆಯವರ ಬಿಡುವಿಗಾಗಿ ಎರಡು ದಿನ ಕಾಯುತ್ತಿದ್ದವರು. ಸ್ವಾವಲಂಬನದ ಮೇಲೆ ನಾವು ಬರೆದ ಅಗ್ರಲೇಖನಗಳಿಗೆ ಲೆಕ್ಕವಿಲ್ಲ. ಹಾಕಿದ ಗುಂಡಿ ಒಂದೂ ಇರಲಿಲ್ಲ. ಕಗ್ಗದಾಸಪುರದಿಂದ ಹಿಂದಿರುಗಿದ ವಾರವೇ ಕಲಿತೆವು. ಅರ್ಧ ಗಂಟೆಯ ವಿದ್ಯೆ. ಬೆರಳಿಗೆ ಮೂರು ಗಾಯ.

ಅಧಿಕಾರಿವರ್ಗದವರಿಗೆ ಒಂದು ಮಾತು. 1937ರ ವಾರ್ಧಾ ಶಿಕ್ಷಣ ಯೋಜನೆಯು ಕೈಕಸಬಿನ ಮೂಲಕವೇ ಶಿಕ್ಷಣವೆಂದು ಸಾರಿತು. ಅದನ್ನು ನಾವು ಗೌರವಿಸಿದೆವು, ಅನುಸರಿಸಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕಸಬುಗಳ ಪರಿಚಯಕ್ಕಾಗಿ ಪುಸ್ತಕದ ಚೀಲವಿಲ್ಲದ ಹತ್ತು ದಿವಸಗಳನ್ನು ಹೇಳಿದೆ. ಇತ್ತ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆಯನ್ನು ಕೊಡುತ್ತ ಬಂದಿದ್ದಾರೆ. ಅದನ್ನು ಹೊಲಿಸುವ ಕೂಲಿ ಬಹುಮಟ್ಟಿಗೆ ಬಡ ತಂದೆತಾಯಿಗಳ ತಲೆಗೆ ಬಿದ್ದಿದೆ. ಈ ಎರಡನ್ನೂ ಏಕೆ ಕೂಡಿಸಬಾರದು? ಆ ಹತ್ತು ದಿವಸಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಗುಂಡಿ, ಕಾಜಾ, ಅಂಚುಹೊಲಿಗೆ, ತೇಪೆ ಇವನ್ನು ಕಲಿಸಲಿ. ಕಲಿಸುವುದಕ್ಕೆ ಜನ ಬೇಕೆ? ಕಾರ್ಖಾನೆಗಳಿಂದ ಹೊರಬಿದ್ದ, ಕೈಯಲ್ಲಿ ವಿದ್ಯೆಯುಳ್ಳ ಹೆಣ್ಣುಮಕ್ಕಳು ಕಗ್ಗದಾಸಪುರದಂತಹ ಬಡಾವಣೆಗಳಲ್ಲಿ ಇರುವರು. ಅವರಿಗೆ ಗೌರವಧನವನ್ನು ಕೊಟ್ಟು ಕರೆಯಲಿ. ಎಂಟು ವರ್ಷ ಕಾಲರನ್ನೇ ಹೊಲಿದವಳಿಗೆ ಇಡೀ ಅಂಗಿಯನ್ನು ಕಲಿಸುವ ಭಾಗ್ಯ ದೊರೆಯಲಿ.

ಗೇಟಿನ ಬಳಿ ಕಂಡ ಆ ಕೂಸು ಈಗ ಶಾಲೆಗೆ ಹೋಗುತ್ತಿರಬೇಕು. ಹಳದಿ ಕುಲಾವಿ ಎಂದೋ ಸಾಲದಾಗಿರುವುದು. ಅದನ್ನು ಆ ತಾಯಿ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿರುವಳೆಂದು ನಮ್ಮ ನಂಬಿಕೆ. ಕೊಂಡು ತಂದುದನ್ನು ಯಾರೂ ಹಾಗೆ ಇಡುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಆತುರವೆಂದು ಹಿರಿಯರು ನಕ್ಕರು. ಕೂಸು ಹುಟ್ಟಿ ಬೆಳೆದ ಮೇಲೂ ಮನೆಯಲ್ಲಿ ಒಂದು ಹೊಲಿಗೆ ಬೀಳದಿರುವುದನ್ನು ಕಂಡಿದ್ದರೆ ಅವರು ನಗುತ್ತಿರಲಿಲ್ಲ.