ಮಾದಬಾದ ನೆಲದಲ್ಲಿ ಹಿಂದಿರುಗುವ ಮೀನು

ಜೋರ್ಡಾನ್ ನದಿಯ ಮೀನೊಂದು ಮೃತ ಸಮುದ್ರದ ಹತ್ತಿರ ಬಂದು, ಉಪ್ಪು ತಾಗಿದ್ದೇ ಮೂತಿ ತಿರುಗಿಸಿ ಬಂದ ದಾರಿ ಹಿಡಿದಿದೆ. ಇನ್ನೊಂದು ಇನ್ನೂ ಸಮುದ್ರದತ್ತಲೇ ಹೊರಟಿದೆ. ಜೋರ್ಡಾನ್ ದೇಶದ ಮಾದಬಾ ಊರಿನ ಸೇಂಟ್ ಜಾರ್ಜ್ ಚರ್ಚಿನ ನೆಲದಲ್ಲಿ, ಕಡಲೆಕಾಳಿನಷ್ಟು ಕಲ್ಲುಚೂರುಗಳ ಮೊಸಾಯಿಕ್‌ನಲ್ಲಿ, ಈ ಮೀನುಗಳಿಗೆ ಹದಿನಾಲ್ಕು ಶತಮಾನ ದಾಟಿದೆ. ನಾನು ನೋಡಲು ಹೋದದ್ದು ಜೆರುಸಲೇಮಿನ ಚಿತ್ರವನ್ನು. ಕಣ್ಣು ಮಾತ್ರ ಮೀನನ್ನು ಬಿಟ್ಟು ಕದಲಲಿಲ್ಲ.

ಅಮ್ಮಾನಿನಿಂದ ಮಾದಬಾಕ್ಕೆ ಸುಮಾರು 30 ಕಿ.ಮೀ. ಮೀನುಗಳಿರುವ ಈ ಚಿತ್ರ ಬೈಬಲ್ ನಾಡಿನ 6ನೇ ಶತಮಾನದ ನಕ್ಷೆ. ಉಳಿದಿರುವ ಅಂಥ ನೆಲನಕ್ಷೆಗಳಲ್ಲಿ ಅತಿ ಹಳೆಯದು. 1880ರ ದಶಕದಲ್ಲಿ ಕರಕ್ ಊರಿನಿಂದ ಬಂದ ಕ್ರೈಸ್ತ ಕುಟುಂಬಗಳು ಪಾಳುಬಿದ್ದ ಊರಲ್ಲಿ ನೆಲೆಸಿ, ಹಳೆಯ ಚರ್ಚಿನ ಅವಶೇಷದ ಮೇಲೆ ಹೊಸದನ್ನು ಕಟ್ಟಿದವು. ಆ ಕೆಲಸದ ಗಡಿಬಿಡಿಯಲ್ಲಿ ನಕ್ಷೆ ಬಹಳಷ್ಟು ಹಾಳಾಯಿತು.

ಉಳಿದಷ್ಟೇ ಬೆರಗು ಹುಟ್ಟಿಸುತ್ತದೆ. ಪೂರ್ವ ಮೇಲಕ್ಕಿದೆ, ಊರುಗಳ ಹೆಸರು ಗ್ರೀಕಿನಲ್ಲಿ. ಜೆರುಸಲೇಮಿನ ಉತ್ತರ ಬಾಗಿಲೊಳಗೆ ಒಂದು ಕಂಬ. ಅದು ಎಂದೋ ಹೋಯಿತು. ಆದರೆ ಅರಬ್ಬೀ ಮಾತಿನವರಿಗೆ ಆ ಬಾಗಿಲು, ಅಂದರೆ ಡಮಾಸ್ಕಸ್ ಬಾಗಿಲು, ಇಂದಿಗೂ ‘ಬಾಬ್ ಅಲ್ ಅಮೂದ್’, ಕಂಬದ ಬಾಗಿಲು. ನಕ್ಷೆಯಲ್ಲಿದ್ದ ಕಂಬಸಾಲಿನ ಬೀದಿಯನ್ನೂ ನೇಯಾ ಚರ್ಚನ್ನೂ 1970ರ ದಶಕದಲ್ಲಿ ಪುರಾತತ್ವಜ್ಞ ನಹ್ಮಾನ್ ಅವಿಗಾದ್ ಜೆರುಸಲೇಮಿನ ಉತ್ಖನನದಲ್ಲಿ ಕಂಡರು. ಕಲ್ಲು ಕೂರಿಸಿದವನು ಊಹೆಯಿಂದ ಬಿಡಿಸಿರಲಿಲ್ಲ! ಮೃತ ಸಮುದ್ರದ ದೋಣಿಗಳಲ್ಲಿರುವವರ ಮುಖಗಳನ್ನು ಮಾತ್ರ ಮುಂದೆ ಯಾರೋ ಕಿತ್ತು, ಅಲ್ಲಿ ಬೇರೆ ಕಲ್ಲು ತುಂಬಿದ್ದಾರೆ. ನೋಡಿದರೆ ಹೊಟ್ಟೆ ಚುರ್ರೆನ್ನುತ್ತದೆ.

ಚರ್ಚಿನಿಂದ ಸ್ವಲ್ಪ ದೂರದ ಓಣಿಯಲ್ಲಿ ವಯಸ್ಸಾದ ಮೊಸಾಯಿಕ್ ಕಸುಬುದಾರರೊಬ್ಬರು ಕಲ್ಲಿನ ಕಡ್ಡಿಗಳನ್ನು ಇಕ್ಕಳದಲ್ಲಿ ಚಟಚಟನೆ ಕತ್ತರಿಸುತ್ತಿದ್ದರು. ಒಳಗೆ ಕರೆದರು, ಸಿಹಿ ಚಹಾ ಕೊಟ್ಟರು, ಆಮೇಲೆ ಮಾತು ನಿಲ್ಲಿಸಲಿಲ್ಲ. ಬಣ್ಣ ಹಚ್ಚುವುದಿಲ್ಲ, ಕಲ್ಲಿನದೇ ಬಣ್ಣ. ಈ ಕೆಂಪು, ಈ ಹಸಿರು, ಎಂದು ಡಬ್ಬಗಳನ್ನೆಲ್ಲ ನನ್ನ ಮುಂದೆ ಸುರಿದರು. ಅವರ ಸಂಕಟ ಬಸ್ಸುಗಳದು. ಪ್ರವಾಸಿಗರು ಇಳಿಯುತ್ತಾರೆ, ಕಾಲು ಗಂಟೆ ನಕ್ಷೆ ನೋಡುತ್ತಾರೆ, ಮೋಶೆ ವಾಗ್ದತ್ತ ನಾಡನ್ನು ಕಂಡ ನೆಬೋ ಬೆಟ್ಟಕ್ಕೆ ಹೊರಟೇಬಿಡುತ್ತಾರೆ. ಓಣಿಯೊಳಗೆ ಬರುವವರಿಲ್ಲ. ಬಂದವರೂ ಇಷ್ಟು ಚಿಕ್ಕದಕ್ಕೆ ಇಷ್ಟು ದುಡ್ಡೇ ಎನ್ನುತ್ತಾರೆ. ಊರಲ್ಲಿ ಮೊಸಾಯಿಕ್ ಕಲಿಸುವ ಸಂಸ್ಥೆ ಇದೆ. ಅವರ ಮಗನಿಗೆ ಮಾತ್ರ ಈ ಧೂಳು ಬೇಡವಂತೆ. ಕಾಲು ಗಂಟೆ ಸಾಲದು ಎಂಬುದು ನನ್ನದೂ ದೂರು. ಪ್ರವಾಸದ ಪಟ್ಟಿ ಬರೆಯುವವರು ಇಲ್ಲಿಗೆ ಅರ್ಧ ದಿನವಾದರೂ ಕೊಡಬೇಕು.

ಮೇಜಿನ ಮೇಲೆ ಅದೇ ಮೀನು ಅರ್ಧ ಆಗಿತ್ತು. ಆದರೆ ಬಲಕ್ಕೆ ಹೊರಟಿತ್ತು. ನಕ್ಷೆಯಲ್ಲಿ ಎಡಕ್ಕಲ್ಲವೇ ಎಂದೆ. ಅವರು ನಕ್ಕು, ಕಲ್ಲುಗಳ ಅಡಿಯಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ಎತ್ತಿದರು. ಹಿಟ್ಟಿನ ಅಂಟು ಹಚ್ಚಿ ಕಲ್ಲನ್ನು ಬಟ್ಟೆಯ ಮೇಲೆ ಮುಖ ಕೆಳಗಾಗಿ ಕೂರಿಸುತ್ತಾರೆ. ಬೆನ್ನಿಗೆ ಸಿಮೆಂಟ್ ಬಿದ್ದು, ಒಣಗಿ, ಮಗುಚಿ, ಬಟ್ಟೆ ಕಿತ್ತ ಮೇಲೆಯೇ ಮೀನು ಹಿಂದಿರುಗುವುದು. ಅದಕ್ಕೆ ಇನ್ನೂ ನಾಲ್ಕು ದಿನ ಬೇಕು ಎಂದರು.